ಒಲೆಗೆ ಗೋಧಿ, ಪೀಪಾಯಿಗೆ ಬಾರ್ಲಿ

ಗೋಧಿಯಿಂದ ಬ್ರೆಡ್ಡು, ಬಾರ್ಲಿಯಿಂದ ಬಿಯರ್ ಎಂಬ ಹಂಚಿಕೆ ಇಂದು ಸಹಜವೆಂದು ತೋರಿದರೂ, ಕಾಳಿನ ರಚನೆ, ನೆಲದ ಗುಣ ಮತ್ತು ಅರಸರ ಕಟ್ಟಳೆ ಈ ಮೂರೂ ಕೂಡಿ ಅದನ್ನು ಸಾವಿರಾರು ವರ್ಷಗಳಲ್ಲಿ ರೂಪಿಸಿವೆ. ಗೋಧಿಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರ ಪ್ರೋಟೀನುಗಳು ಹೆಣೆದುಕೊಂಡು ಗ್ಲುಟನ್ ಎಂಬ ಹಿಗ್ಗುವ ಜಾಲವಾಗುತ್ತವೆ. ಹುದುಗುವಾಗ ಏಳುವ ಅನಿಲವನ್ನು ಈ ಜಾಲ ಹಿಡಿದಿಡುವುದರಿಂದ ಕಣಕ ಉಬ್ಬುತ್ತದೆ. ಬಾರ್ಲಿಯಲ್ಲಿ ಈ ಜಾಲ ದುರ್ಬಲ. ಆದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಅಂದರೆ ಮಾಲ್ಟಿನಲ್ಲಿ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹೇರಳವಾಗಿವೆ. ಒಕ್ಕಿದರೂ ಕಾಳನ್ನು ಬಿಡದ ಅದರ ಹೊಟ್ಟು, ಬಿಸಿನೀರಿನಲ್ಲಿ ನೆನೆದ ಮಾಲ್ಟಿನಿಂದ ಸಿಹಿರಸವನ್ನು ಬಸಿಯುವಾಗ ತಾನೇ ಸೋಸುವ ಪದರವಾಗಿ ನಿಲ್ಲುತ್ತದೆ. ಹೊಟ್ಟಿಲ್ಲದ ಇಂದಿನ ಗೋಧಿಯೊಂದನ್ನೇ ಬಳಸಿದರೆ ರಸ ಸರಾಗವಾಗಿ ಇಳಿಯುವುದಿಲ್ಲವಾದ್ದರಿಂದ, ಗೋಧಿ ಬಿಯರ್ ತಯಾರಿಸುವವರೂ ಸಾಮಾನ್ಯವಾಗಿ ಬಾರ್ಲಿ ಮಾಲ್ಟನ್ನು ಬೆರೆಸುತ್ತಾರೆ.

ಪ್ರಾಚೀನ ಈಜಿಪ್ಟಿನಲ್ಲಿ ಇಂಥ ಹಂಚಿಕೆ ಇರಲಿಲ್ಲ. ಅಲ್ಲಿನ ಮುಖ್ಯ ಗೋಧಿಯಾದ ಎಮ್ಮರ್, ಒಕ್ಕಣೆಗೆ ಹೊಟ್ಟು ಬಿಡದೆ ಕುಟ್ಟಿಯೇ ಬಿಡಿಸಬೇಕಾದ ಜಾತಿಯದು. ಬ್ರೆಡ್ಡಿಗೂ ಬಿಯರಿಗೂ ಅದೇ ಒದಗುತ್ತಿತ್ತು, ಬಿಯರಿಗೆ ಬಾರ್ಲಿಯೂ ಜೊತೆಗೂಡುತ್ತಿತ್ತು. ಅರೆಬೆಂದ ಬ್ರೆಡ್ಡನ್ನು ನೀರಿನಲ್ಲಿ ಕದಡಿ ಈಜಿಪ್ಟಿನವರು ಬಿಯರ್ ಮಾಡುತ್ತಿದ್ದರೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಮಡಕೆಗಳಲ್ಲಿ ಉಳಿದಿದ್ದ ಒಣ ಶೇಷವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಡೆಲ್ವೆನ್ ಸ್ಯಾಮ್ಯುಯೆಲ್ ಅವರು, ಬೇಯಿಸಿದ ಧಾನ್ಯ ಮತ್ತು ಬೇಯಿಸದ ಮಾಲ್ಟನ್ನು ಬೆರೆಸುವ ಕ್ರಮವಿತ್ತೆಂದು 1996ರಲ್ಲಿ ತೋರಿಸಿಕೊಟ್ಟರು. ಪಿಷ್ಟದ ಕಣಗಳು ಬೆಂದು ಊದಿಕೊಂಡಿವೆಯೇ, ಕಿಣ್ವಗಳಿಂದ ಕೊರೆಸಿಕೊಂಡಿವೆಯೇ ಎಂಬ ಗುರುತಿನಿಂದಲೇ ಇಡೀ ಪಾಕವಿಧಾನವನ್ನು ಓದಿದ ಈ ಕೆಲಸ, ಆಹಾರದ ಇತಿಹಾಸವನ್ನು ಚಿತ್ರ, ಶಾಸನಗಳ ಆಚೆಗೂ ಹುಡುಕಬಹುದೆಂಬುದಕ್ಕೆ ಅತ್ಯುತ್ತಮ ನಿದರ್ಶನ. ಗ್ರೀಕ್ ಮೂಲದ ಟಾಲೆಮಿ ಅರಸರ ಕಾಲದಲ್ಲಿ, ಸುಲಭವಾಗಿ ಹೊಟ್ಟು ಬಿಡುವ ಡ್ಯೂರಂ ಗೋಧಿ ಎಮ್ಮರಿನ ಸ್ಥಾನಕ್ಕೆ ಬಂತು. ಆದರೆ ಎಮ್ಮರ್ ಅಳಿದುಹೋಗಲಿಲ್ಲ. ಉತ್ತರ ಕರ್ನಾಟಕದಲ್ಲಿ ಜವೆ ಗೋಧಿ, ಸದಕ ಎಂಬ ಹೆಸರಿನಿಂದ ಮಾದಲಿ, ಹುಗ್ಗಿಗಳಿಗೆ ಒದಗುತ್ತಿರುವುದು ಇದೇ ಧಾನ್ಯ, ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಸುಧಾರಿತ ತಳಿಗಳನ್ನು ಬಿಡುಗಡೆ ಮಾಡಿದೆ.

ಮೆಸೊಪೊಟೇಮಿಯದ ದಕ್ಷಿಣ ಬಯಲಿನಲ್ಲಿ ಆಯ್ಕೆಯನ್ನು ಬಹುಮಟ್ಟಿಗೆ ನೆಲವೇ ಮಾಡಿತೆನ್ನಬಹುದು: ನೀರಾವರಿಯಿಂದ ಉಪ್ಪೇರಿದ ಮಣ್ಣನ್ನು ಗೋಧಿಗಿಂತ ಬಾರ್ಲಿ ಚೆನ್ನಾಗಿ ಸಹಿಸುವುದರಿಂದ, ಕೂಲಿಯ ಪಡಿಯಿಂದ ಹಿಡಿದು ಬಿಯರಿನವರೆಗೆ ಬಾರ್ಲಿಯದೇ ಮೇಲುಗೈಯಾಯಿತು.

ಉತ್ತರ ಮತ್ತು ಪೂರ್ವ ಯುರೋಪಿನ ಚಳಿಗೂ ಮರಳುಮಿಶ್ರಿತ ಹುಳಿಮಣ್ಣಿಗೂ ಹೊಂದಿಕೊಂಡದ್ದು ರೈ, ಮೊದಲು ಗೋಧಿ-ಬಾರ್ಲಿಯ ಹೊಲಗಳಲ್ಲಿ ಕಳೆಯಾಗಿ ಬೆಳೆದು ಆಮೇಲೆ ಬೆಳೆಯಾದ ಧಾನ್ಯ. ರೈ ಹಿಟ್ಟನ್ನು ಸುಡುವಾಗ ಪಿಷ್ಟ ಮೆತ್ತಗಾಗುವ ಶಾಖದಲ್ಲಿಯೇ ಅದನ್ನು ಒಡೆಯುವ ಕಿಣ್ವಗಳು ಚುರುಕಾಗಿರುವುದರಿಂದ ಬ್ರೆಡ್ಡಿನ ಒಳಭಾಗ ಅಂಟಂಟಾಗಿ ಉಳಿದುಬಿಡುತ್ತದೆ; ಕಣಕವನ್ನು ಹುಳಿ ಬರಿಸಿದರೆ ಆ ಆಮ್ಲ ಕಿಣ್ವಗಳನ್ನು ತಡೆಯುತ್ತದೆ. ಆ ಸೀಮೆಯ ಕಪ್ಪು ಬ್ರೆಡ್ಡಿನ ಹುಳಿ ಬರಿಯ ನಾಲಗೆಯ ಒಲವಲ್ಲ, ರೈ ಧಾನ್ಯವನ್ನು ಬ್ರೆಡ್ಡಾಗಿಸಲು ಅದು ಅನಿವಾರ್ಯವಾಗಿತ್ತು. ಬಿಯರಿನ ಪಾತ್ರೆಯಲ್ಲಿಯೂ ರೈ ನೀರು ಹೀರಿ ಲೋಳೆಯಾಗುವ ಕಾರಣ, ಫಿನ್ಲೆಂಡಿನಲ್ಲಿ ಬಾರ್ಲಿಗೆ ರೈ ಬೆರೆಸಿ ಸಾಹ್ತಿ ಎಂಬ ಮನೆಬಿಯರ್ ಮಾಡುವವರು ಕೊರೆದ ಮರದ ದೋಣಿಯಲ್ಲಿ ಜೂನಿಪರ್ ಗಿಡದ ರೆಂಬೆ ಹಾಸಿ ರಸ ಬಸಿಯುತ್ತಿದ್ದರು. ರಷ್ಯಾದಲ್ಲಿ ರೈ ಬ್ರೆಡ್ಡನ್ನೇ ನೆನೆಸಿ ಹುದುಗಿಸುವ ಕ್ವಾಸ್ ಎಂಬ ಪಾನೀಯ ಬಳಕೆಗೆ ಬಂತು.

ಕಟ್ಟಳೆ ಧಾನ್ಯವನ್ನು ಹಂಚಿದ್ದಕ್ಕೆ ಬವೇರಿಯದಷ್ಟು ಸ್ಪಷ್ಟವಾದ ಉದಾಹರಣೆ ಬೇರೆಡೆ ಸಿಗುವುದು ಕಷ್ಟ. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಡ್ಯೂಕರಾದ ನಾಲ್ಕನೆಯ ವಿಲ್ಹೆಲ್ಮ್ ಮತ್ತು ಹತ್ತನೆಯ ಲುಡ್‌ವಿಗ್ ಹೊರಡಿಸಿದ ಆಜ್ಞೆ, ಬಿಯರಿಗೆ ಬಾರ್ಲಿ, ಹಾಪ್ಸ್ ಎಂಬ ಕಹಿಹೂವು ಮತ್ತು ನೀರನ್ನು ಮಾತ್ರ ಬಳಸಬೇಕೆಂದು ವಿಧಿಸಿ ಬಿಯರಿನ ಬೆಲೆಯನ್ನೂ ಗೊತ್ತುಪಡಿಸಿತು. ಬ್ರೆಡ್ಡಿಗೆ ಬೇಕಾದ ಗೋಧಿ, ರೈಗಳಿಗೆ ಬಿಯರ್ ತಯಾರಕರು ಪೈಪೋಟಿಗಿಳಿಯದಂತೆ ತಡೆಯುವುದು ಇದರ ಒಂದು ಉದ್ದೇಶವೆಂದು ಇತಿಹಾಸಕಾರರು ವಿವರಿಸುತ್ತಾರೆ. ಆದರೂ 1548ರಲ್ಲಿ ಡೇಗೆನ್‌ಬರ್ಗ್ ಮನೆತನಕ್ಕೆ ಗೋಧಿ ಬಿಯರ್ ತಯಾರಿಸುವ ವಿಶೇಷ ಹಕ್ಕು ದೊರೆಯಿತು. 1602ರಲ್ಲಿ ಆ ವಂಶ ಮುಗಿದಾಗ ಹಕ್ಕು ಡ್ಯೂಕ್ ಮೊದಲನೆಯ ಮ್ಯಾಕ್ಸಿಮಿಲಿಯನ್‌ಗೆ ಮರಳಿ, ಬ್ರೆಡ್ಡಿನ ಕಾಳೆಂದು ಕಾಯ್ದಿರಿಸಿದ್ದ ಗೋಧಿಯೇ ಅರಮನೆಯ ಬೊಕ್ಕಸಕ್ಕೆ ದೊಡ್ಡ ವರಮಾನ ತಂದಿತು. 1872ರಲ್ಲಿ ಜಾರ್ಜ್ ಷ್ನೈಡರ್ ಎಂಬ ತಯಾರಕ ಆ ಹಕ್ಕನ್ನು ಪಡೆದುಕೊಂಡನು. ಅಷ್ಟರಲ್ಲಿ ತಿಳಿಬಣ್ಣದ ಬಾರ್ಲಿ ಬಿಯರ್ ಜನಪ್ರಿಯವಾಗಿ ಗೋಧಿ ಬಿಯರಿಗೆ ಬೇಡಿಕೆ ಕುಗ್ಗಿದ್ದರಿಂದ, ಅರಮನೆಗೆ ಅದನ್ನು ಬಿಟ್ಟುಕೊಡುವುದು ಕಷ್ಟವಾಗಲಿಲ್ಲ.