ಅಜ್ಜಿಗೂ ಬೇಕು ಒಂದು ಗಂಟೆ ಬಿಡುವು

ಸಂಜೆ ಐದು ಗಂಟೆ. ಅಜ್ಜ ಅಂಗಿ ತೊಟ್ಟು, ಕೊಡೆ ಹಿಡಿದು ಬಾಗಿಲ ಬಳಿ ನಿಂತಿದ್ದಾರೆ. "ಶಾಲೆಗೆ ಹೊತ್ತಾಯ್ತು, ಮಕ್ಕಳು ಕಾಯ್ತಿರ್ತಾರೆ" ಎನ್ನುತ್ತಾರೆ. ಅವರು ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿ ಹದಿನೆಂಟು ವರ್ಷವಾಯಿತು. ಅಜ್ಜಿ ಚಿಲಕ ಹಾಕಿ, "ಇವತ್ತು ರಜಾ ರೀ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾರೆ. ಹತ್ತು ನಿಮಿಷ ಕಳೆದರೆ ಅಜ್ಜ ಮತ್ತೆ ಬಾಗಿಲ ಬಳಿ!

ರಾತ್ರಿಯೂ ಅಷ್ಟೇ. ಅಜ್ಜ ಎದ್ದರೆ ಅಜ್ಜಿಯೂ ಏಳಬೇಕು. ಅವರು ಗುರುವಾರದ ಭಜನೆಗೆ ಹೋಗಿ ಎಂಟು ತಿಂಗಳಾಗಿದೆ. ಪಕ್ಕದ ಮನೆಯವರು ವಿಚಾರಿಸಿದರೆ, "ಏನಿಲ್ಲಮ್ಮ, ಆರಾಮಾಗಿದ್ದೀವಿ" ಎಂಬುದೇ ಉತ್ತರ. ಒಂದು ದಿನ ಅಜ್ಜಿ ಅಜ್ಜನ ಮೇಲೆ ಜೋರಾಗಿ ರೇಗಿಬಿಟ್ಟರು. ಆಮೇಲೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಐದನೇ ತರಗತಿಯ ಮೊಮ್ಮಗಳು ಅದನ್ನು ನೋಡಿದಳು. ಕೆಲಸದಿಂದ ಬಂದ ಅಮ್ಮನಿಗೆ ಹೇಳಿದಳು. ಆ ಮನೆಗೆ ಸಹಾಯ ಬರತೊಡಗಿದ್ದು ಆ ಒಂದು ಮಾತಿನಿಂದ.

ಇಂಥ ಮನೆ ನಿಮ್ಮ ಬೀದಿಯಲ್ಲೂ ಇರಬಹುದು. ಮಕ್ಕಳೇ, ಅಜ್ಜನದು ಹಟವಲ್ಲ, ನಾಟಕವೂ ಅಲ್ಲ. ಇದು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆಯೇ ಆಲ್ಝೈಮರ್. 1906ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಅವರ ಹೆಸರೇ ಕಾಯಿಲೆಗೂ ಬಂತು. ಸಾಮಾನ್ಯವಾಗಿ ಹೊಸ ನೆನಪುಗಳು ಮೊದಲು ಅಳಿಸಿಹೋಗುತ್ತವೆ, ಹಳೆಯವು ಹೆಚ್ಚು ಕಾಲ ಉಳಿಯುತ್ತವೆ. ಅದಕ್ಕೇ ಬೆಳಗಿನ ತಿಂಡಿಯನ್ನು ಮರೆತ ಅಜ್ಜನಿಗೆ ಶಾಲೆ ಮಾತ್ರ ಚೆನ್ನಾಗಿ ನೆನಪಿದೆ.

ಹಿರಿಯರೇ, "ವಯಸ್ಸಾಯ್ತು, ಮರೆವು ಇದ್ದದ್ದೇ" ಎಂದು ಸುಮ್ಮನಾಗಬೇಡಿ. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರಬಹುದು. ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು.

ಎರಡು ಫೋನ್ ಸಂಖ್ಯೆಗಳನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. 14567 ಹಿರಿಯರ ಸಹಾಯವಾಣಿ. 14416 ಟೆಲಿ ಮಾನಸ್. 2022ರಲ್ಲಿ ಶುರುವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯವರಿಗೆ ಮಾತ್ರವಲ್ಲ, ನೋಡಿಕೊಂಡು ದಣಿದವರಿಗೂ ಇದು ಇದೆ.

ಇನ್ನು ನೆರೆಹೊರೆ. "ಸ್ವಲ್ಪ ಸಹಾಯ ಮಾಡಿ" ಎಂದಷ್ಟೇ ಹೇಳಿದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. "ಗುರುವಾರ ಐದರಿಂದ ಆರರವರೆಗೆ ಇವರ ಜೊತೆ ಕೂತಿರ್ತೀರಾ?" ಎಂದು ಕೇಳಿ. ದಿನ, ಹೊತ್ತು, ಕೆಲಸ ಹೇಳಿದರೆ ಒಪ್ಪಿಕೊಳ್ಳುವವರಿಗೂ ಸುಲಭ. ದೂರದ ಊರಿನ ಮಗ ಔಷಧಿ ತರಿಸುವ ಹೊಣೆ ಹೊರಲಿ. ಮಗಳು ತಿಂಗಳಲ್ಲಿ ನಾಲ್ಕು ರಾತ್ರಿ ಎಚ್ಚರವಿರಲಿ. ಹೀಗೆ ಕೇಳುವುದರಿಂದ ಅಜ್ಜಿಯ ಪ್ರೀತಿ ಕಡಿಮೆಯಾಗುವುದಿಲ್ಲ, ಅವರಿಗೆ ತಾಳ್ಮೆ ಉಳಿಯುತ್ತದೆ.

ಮಕ್ಕಳೂ ಕೈಜೋಡಿಸಬಹುದು. "ಆಗ್ಲೇ ಹೇಳಿದ್ನಲ್ಲ!" ಎಂದು ವಾದಿಸಬೇಡಿ, ಮತ್ತೊಮ್ಮೆ ಮೆತ್ತಗೆ ಹೇಳಿ. ಹೆಸರು, ಮನೆಯ ಫೋನ್ ಸಂಖ್ಯೆ ಬರೆದ ಚೀಟಿ ಅಜ್ಜನ ಜೇಬಿನಲ್ಲಿ ಇದೆಯೇ ಎಂದು ನೋಡಿ. ಅವರೊಬ್ಬರೇ ಹೊರಗೆ ಹೊರಟರೆ ತಕ್ಷಣ ದೊಡ್ಡವರನ್ನು ಕರೆಯಿರಿ.

ಆ ಮನೆಯಲ್ಲೀಗ ಗುರುವಾರ ಸಂಜೆ ಪಕ್ಕದ ಮನೆಯವರು ಬಂದು ಜಗಲಿಯಲ್ಲಿ ಕೂರುತ್ತಾರೆ. ಅಜ್ಜಿ ತಾಳ ಹಿಡಿದು ಭಜನೆಗೆ ಹೊರಡುತ್ತಾರೆ. ಅಜ್ಜ ಎಂದಿನಂತೆ ಶಾಲೆಗೆ ಸಿದ್ಧ. ಮೊಮ್ಮಗಳು ಒಂದು ಹಳೆಯ ನೋಟ್‌ಬುಕ್ ಕೊಟ್ಟು ಎದುರು ಕೂರುತ್ತಾಳೆ. ಅಜ್ಜ ಕನ್ನಡಕ ಸರಿಪಡಿಸಿಕೊಂಡು ಹಾಜರಿ ಕರೆಯುತ್ತಾರೆ. ಅವರು ಕೂಗುವ ಒಂದೊಂದು ಹೆಸರಿಗೂ ಅವಳೇ ಎದ್ದು ನಿಂತು ಹೇಳುತ್ತಾಳೆ: "ಬಂದಿದ್ದೀನಿ ಸಾರ್!"