ಆಕಾಶದಿಂದ ಬಂದ ಆಗಂತುಕರು

ಬಂಟವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ಎಂಬ ಊರು ಸಿಕ್ಕುತ್ತದೆ. ಆ ಸುತ್ತಿನ ಹಳೆಯ ಮನೆಗಳಲ್ಲಿ ಅಪರಿಚಿತನೊಬ್ಬನು ಬಂದರೆ ಮೊದಲು ಅವನ ಮುಂದೆ ಒಂದು ತುಂಡು ಬೆಲ್ಲವನ್ನೂ ಒಂದು ಚೆಂಬು ನೀರನ್ನೂ ತಂದಿಡುವುದು ವಾಡಿಕೆ. ಅವನು ಯಾರು, ಯಾವ ಊರಿನವನು, ಬಂದ ಕಾರ್ಯವೇನು ಎಂಬ ವಿಚಾರಣೆ ಬಾಯಾರಿಕೆ ತೀರಿದ ಮೇಲಿನದು. ಆದರೆ ಶ್ರೋತೃಗಳು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಉಪಚಾರವೆಲ್ಲ ನಡೆಯುವುದು ಜಗಲಿಯಲ್ಲಿ. ಜಗಲಿಯಿಂದ ಚಾವಡಿಗೆ, ಚಾವಡಿಯಿಂದ ಒಳಮನೆಗೆ ಹೋಗುವ ದಾರಿಯು ಪರಿಚಯ ಬೆಳೆದಂತೆ ತೆರೆಯತಕ್ಕದ್ದು. ಆದರವನ್ನೂ ಎಚ್ಚರವನ್ನೂ ನಮ್ಮ ಹಿರಿಯರು ಹೀಗೆ ಒಂದೇ ಸೂರಿನಡಿಯಲ್ಲಿ ಇರಿಸಿದ್ದರು. ಇಂದು ನಾನು ಹೇಳಹೊರಟಿರುವುದು ಭೂಮಿಯೆಂಬ ಈ ಮನೆಯ ಜಗಲಿಯ ಹತ್ತಿರಕ್ಕೆ ಬಂದ ಆಗಂತುಕರ ವಿಚಾರ.

ಹಾರುವ ತಟ್ಟೆಗಳ ಸುದ್ದಿಯನ್ನು ಬದಿಗಿಡೋಣ. ಅನ್ಯ ನಕ್ಷತ್ರಗಳ ಕಡೆಯಿಂದ ನಿಜವಾಗಿ ಬಂದು, ದೂರದರ್ಶಕಗಳ ಕಣ್ಣಿಗೆ ಬಿದ್ದವರು 2025ನೆಯ ಇಸವಿಯ ಕೊನೆಯ ವರೆಗೆ ಮೂವರೇ. ಮೊದಲನೆಯದನ್ನು 2017ರ ಅಕ್ಟೋಬರ್ 19ರಂದು ಹವಾಯಿ ದ್ವೀಪಸಮೂಹದ ಹಲೆಯಾಕಲಾ ಪರ್ವತದ ದೂರದರ್ಶಕದಿಂದ ಕಂಡರು. ಅಲ್ಲಿನ ದೇಶಭಾಷೆಯಲ್ಲಿಯೇ ಅದಕ್ಕೆ ಓಮುವಾಮುವಾ ಎಂದು ಹೆಸರಿಟ್ಟರು. ದೂರದಿಂದ ಮೊದಲಾಗಿ ಬಂದ ದೂತನೆಂದು ಇದರ ಭಾವ. ಸೊಗಸಾದ ಹೆಸರು, ಆದರೆ ದೂತನೆಂದು ಕರೆದ ಕೂಡಲೆ ಕಳುಹಿಸಿದವನೊಬ್ಬನು ಇದ್ದಾನೆಂಬ ಭಾವನೆ ಮನಸ್ಸಿನೊಳಗೆ ನುಸುಳಿಬಿಡುತ್ತದೆ.

ಇದು ಹೊರಗಿನಿಂದ ಬಂದುದೆಂದು ತಿಳಿದ ಬಗೆ ಹೇಗೆ? ಸೂರ್ಯನ ಸಂಸಾರಕ್ಕೆ ಸೇರಿದ ವಸ್ತು ಗೂಟಕ್ಕೆ ಕಟ್ಟಿದ ಕರುವಿನಂತೆ. ದೂರ ಹೋದಷ್ಟೂ ಅದರ ವೇಗ ಕುಂದುತ್ತದೆ. ಕೊನೆಗೆ ಹಗ್ಗ ಬಿಗಿದು ಹಿಂದಿರುಗಲೇಬೇಕು. ಕೆಲವು ಧೂಮಕೇತುಗಳ ಹಗ್ಗ ಸಾವಿರಾರು ವರ್ಷಗಳಷ್ಟು ಉದ್ದವಾಗಿರಬಹುದು, ಆದರೂ ಹಗ್ಗವುಂಟು. ಓಮುವಾಮುವಾದ ವಿಷಯದಲ್ಲಿ, ಸೂರ್ಯನ ಸೆಳೆತದಿಂದ ಬಂದ ವೇಗವನ್ನೆಲ್ಲ ಕಳೆದು ಲೆಕ್ಕ ಹಾಕಿದರೂ ಸೆಕೆಂಡಿಗೆ ಸುಮಾರು 26 ಕಿಲೋಮೀಟರು ಉಳಿಯಿತು. ಅದು ಸೂರ್ಯನಿಂದ ಪಡೆದ ವೇಗವಲ್ಲ, ಬರುವಾಗಲೇ ತಂದದ್ದು. ಮನೆಯ ಕರುವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದು ಸೂರ್ಯನನ್ನು ಸುತ್ತುವರಿದದ್ದು ಸೆಪ್ಟೆಂಬರ್ 9ರಂದು. ಭೂಮಿಗೆ ಅತಿ ಸಮೀಪ, ಎಂದರೆ ಸುಮಾರು 2 ಕೋಟಿ 40 ಲಕ್ಷ ಕಿಲೋಮೀಟರು ದೂರದಲ್ಲಿ, ಹಾದುಹೋದದ್ದು ಅಕ್ಟೋಬರ್ 14ರಂದು. ನಾವು ಕಂಡದ್ದು ಅದಾದ 5 ದಿನಗಳ ಮೇಲೆ. ಅತಿಥಿಯ ಮುಖವನ್ನು ನೋಡಲಿಲ್ಲ, ಗದ್ದೆಯ ಹುಣಿಯ ಮೇಲೆ ದೂರವಾಗುತ್ತಿದ್ದ ಬೆನ್ನನ್ನು ನೋಡಿದೆವು. ಅದರ ಬೆಳಕು ಕೆಲವೇ ಗಂಟೆಗಳ ಅವಧಿಯಲ್ಲಿ ಹತ್ತು ಪಾಲಿನಷ್ಟು ಏರಿಳಿಯುತ್ತಿದ್ದುದರಿಂದ, ತೀರ ಉದ್ದವಾದುದೋ ಚಪ್ಪಟೆಯಾದುದೋ ಆದ ವಸ್ತುವು ಹೊರಳಿಕೊಂಡು ಹೋಗುತ್ತಿದೆಯೆಂದು ಊಹಿಸಿದರು. ಧೂಮಕೇತುವಿಗೆ ಇರತಕ್ಕ ಬಾಲ ಅದಕ್ಕೆ ಕಾಣಲಿಲ್ಲ. ಹಾಗಿದ್ದರೂ ಸೂರ್ಯನಿಂದ ದೂರ ಸರಿಯುವಾಗ ಯಾವುದೋ ಮೆಲ್ಲನೆಯ ತಳ್ಳುವಿಕೆ ಅದರ ಮೇಲೆ ಕೆಲಸಮಾಡುತ್ತಿದ್ದುದು ಕಂಡುಬಂತು. 2018ರಲ್ಲಿ ಹಾರ್ವರ್ಡಿನ ಆವಿ ಲೋಬ್ ಮತ್ತು ಶ್ಮುಯೆಲ್ ಬಿಯಾಲಿ ಎಂಬವರು, ಅದು ಸೂರ್ಯನ ಬೆಳಕಿನ ಒತ್ತಡದಿಂದ ಚಲಿಸುವ ತೆಳ್ಳನೆಯ ಹಾಯಿಯಂಥ ಕೃತಕ ವಸ್ತುವಾಗಿರಬಹುದೇ ಎಂದು ಕೇಳಿದರು. ಇತರರು ಹೆಪ್ಪುಗಟ್ಟಿದ ನೈಟ್ರೋಜನ್ನಿನ ತುಂಡೆಂದು 2021ರಲ್ಲಿಯೂ, ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡಿದ್ದ ಜಲಜನಕವು ಹೊರಬೀಳುವಾಗ ತಳ್ಳಿತೆಂದು 2023ರಲ್ಲಿಯೂ ವಿವರಣೆ ಕೊಟ್ಟರು. 2017ರ ಡಿಸೆಂಬರಿನಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೋ ದೂರದರ್ಶಕವು ಕಿವಿಗೊಟ್ಟು ಕೇಳಿತು, ಏನೂ ಕೇಳಿಸಲಿಲ್ಲ. ನನಗೆ ಕೊನೆಯ ವಿವರಣೆಯೇ ಹೆಚ್ಚು ಒಪ್ಪಿಗೆಯಾಗಿ ತೋರುತ್ತದೆ. ಆದರೆ ವಾದವನ್ನು ತೀರಿಸಬಲ್ಲ ಸಾಕ್ಷಿಯೇ ದೃಷ್ಟಿಗೆ ಮೀರಿ ಹೊರಟುಹೋಗಿದೆ.

ಎರಡನೆಯವನ ವಿಷಯದಲ್ಲಿ ಗೊಂದಲವಿಲ್ಲ. 2019ರ ಆಗಸ್ಟ್ 30ರಂದು ಕ್ರಿಮಿಯಾದಲ್ಲಿ ಗೆನ್ನಾಡಿ ಬೋರಿಸೋವ್ ಎಂಬವರು ಕಂಡ ಅದು ನೇರಾನೇರ ಧೂಮಕೇತು. ನಮ್ಮ ದೇಶದಲ್ಲಿ ಲಡಾಖಿನ ಹಾನ್ಲೆಯ ದೂರದರ್ಶಕದಿಂದಲೂ ಅದರ ಬೆಳಕನ್ನು ಪರೀಕ್ಷಿಸಿದರು. ಹಿಮಾಲಯದ ಆ ಯಂತ್ರವನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಮೂರನೆಯದೇ 2025ರಲ್ಲಿ ಪತ್ರಿಕೆಗಳನ್ನೂ ನಮ್ಮ ಕಾಲೇಜಿನ ಹುಡುಗರನ್ನೂ ಕಲಕಿದ ಅಟ್ಲಾಸ್. ಜುಲೈ 1ರಂದು ಚಿಲಿ ದೇಶದಿಂದ ಕಂಡ ಇದರ ಸ್ವಂತ ವೇಗ ಸೆಕೆಂಡಿಗೆ 58 ಕಿಲೋಮೀಟರು, ಮೊದಲನೆಯದರ ಎರಡು ಪಾಲಿಗಿಂತ ಹೆಚ್ಚು. ಡಿಸೆಂಬರ್ 19ರಂದು ಭೂಮಿಗೆ ಅತಿ ಸಮೀಪ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರು ಆಚೆಗಿತ್ತು. ಅನ್ಯಲೋಕದ ನೌಕೆಯೆಂಬ ಗುಲ್ಲು ಎಲ್ಲೆಡೆಯೂ ಎದ್ದಿತು. ಅಕ್ಟೋಬರ್ 24ರಂದು ದಕ್ಷಿಣ ಆಫ್ರಿಕದ ಮೀರ್‌ಕ್ಯಾಟ್ ರೇಡಿಯೋ ದೂರದರ್ಶಕವು ಅದರ ಕಡೆಯಿಂದ 1665 ಮತ್ತು 1667 ಮೆಗಾಹರ್ಟ್ಸ್‌ಗಳಲ್ಲಿ ಒಂದು ಗುರುತನ್ನು ಪಡೆದಾಗ, ಆಗಂತುಕನು ರೇಡಿಯೋದಲ್ಲಿ ಮಾತನಾಡಿದನೆಂದು ಸುದ್ದಿ ಹಬ್ಬಿತು. ರೇಡಿಯೋದ ಮುಂದೆ ಕುಳಿತ ತಮಗೆ ಇದರ ನಿಜವನ್ನು ತಿಳಿಸಲೇಬೇಕು. ಮಂಜು ಆವಿಯಾಗಿ ಹೊರಬಂದ ನೀರಿನ ಅಣುವನ್ನು ಬಿಸಿಲು ಒಡೆದಾಗ ಹೈಡ್ರಾಕ್ಸಿಲ್ ಎಂಬ ತುಣುಕು ಉಳಿಯುತ್ತದೆ. ಆ ತುಣುಕು ಈ ಎರಡು ಅಲೆಗಳನ್ನು ಹೀರಿಕೊಳ್ಳುತ್ತದೆ. ಎಂದರೆ ಕಂಡದ್ದು ಧ್ವನಿಯೇ ಅಲ್ಲ. ಹಿನ್ನೆಲೆಯ ಧ್ವನಿಯಲ್ಲಿ ಉಂಟಾದ ಕೊರತೆ. ಇದು ಧೂಮಕೇತುವೇ ಸರಿ ಎಂಬುದಕ್ಕೆ ಒಳ್ಳೆಯ ಆಧಾರವಾದ ಈ ಗುರುತನ್ನೇ ನೌಕೆಯ ವಾದಕ್ಕೆ ಆಧಾರವೆಂದು ಸಾರಿದರು!

ಹೀಗೆ ಬಂದವರಲ್ಲಿ ಉದ್ದೇಶವುಳ್ಳವರು ಯಾರೂ ಇದ್ದಂತೆ ತೋರಲಿಲ್ಲ. ಆದರೆ ಒಂದು ದಿನ ಬಂದರೆ? 2010ರಲ್ಲಿ ಸ್ಟೀಫನ್ ಹಾಕಿಂಗ್ ಎಚ್ಚರಿಕೆ ಕೊಟ್ಟರು: ಕೊಲಂಬಸನ ಆಗಮನದಿಂದ ಅಮೆರಿಕದ ಮೂಲನಿವಾಸಿಗಳಿಗೆ ಆದುದೇ ನಮಗೂ ಆದೀತೆಂದು ಅವರ ಅಭಿಪ್ರಾಯ. ಇಂಥ ಉದಾಹರಣೆಗೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಪಡುಗಡಲೇ ಸಾಕು. 1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಲಂಗರು ಹಾಕಿದನು. ಮಲ್ಪೆಯೆದುರಿನ ದ್ವೀಪಗಳಿಗೆ ಸಂತ ಮೇರಿಯ ಹೆಸರು ಬಂದುದು ಆ ಯಾತ್ರೆಯಿಂದಲೇ ಎಂದು ಪ್ರತೀತಿ. ಸಾಮೂದಿರಿಗೆಂದು ತಂದಿದ್ದ ಟೋಪಿ, ಹವಳದ ಸರ, ಸಕ್ಕರೆ, ಜೇನುಗಳನ್ನು ನೋಡಿ ಅರಮನೆಯವರು ನಕ್ಕರು. ಆ ದಿನ ಅವನನ್ನು ಕಂಡವರಿಗೆ ಬಡ ವರ್ತಕನೊಬ್ಬನು ಕಂಡನು. ಅದೇ ಮನುಷ್ಯನು 1502ರಲ್ಲಿ ಮತ್ತೆ ಬಂದು, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಜನಸಮೇತ ಸುಟ್ಟನು. ಮುಂದೆ ಪುತ್ತಿಗೆ, ಮೂಡುಬಿದಿರೆ, ಉಳ್ಳಾಲಗಳನ್ನಾಳಿದ ಚೌಟರ ವಂಶದ ರಾಣಿ ಅಬ್ಬಕ್ಕನು ಆ ಜನರಿಗೆ ಕಪ್ಪ ಕೊಡಲೊಲ್ಲದೆ ಯುದ್ಧವನ್ನೇ ಮಾಡಬೇಕಾಯಿತು.

ಹಾಗಾದರೆ 1498ರಲ್ಲಿಯೇ ಆತನ ಮನಸ್ಸನ್ನು ಓದಬಹುದಾಗಿತ್ತೇ? ನನಗೆ ತೋರುವ ಮಟ್ಟಿಗೆ, ಓದುವುದಕ್ಕೆ ಆಗ ಪೂರ್ತಿಯಾಗಿ ಬರೆದದ್ದೇ ಇರಲಿಲ್ಲ. ನಾಯಕನದೊಂದು ಆಸೆ, ಲಿಸ್ಬನ್ನಿನ ಅರಸನದೊಂದು, ವರ್ತಕರದೊಂದು. ನಮ್ಮ ಕರಾವಳಿಯ ಸಿರಿಯನ್ನೂ ಒಡಕನ್ನೂ ಕಂಡ ಮೇಲೆ ಅವೆಲ್ಲ ಕೂಡಿ ಒಂದು ಉದ್ದೇಶವಾಯಿತು. ಬರುವವರು ಒಳ್ಳೆಯವರೋ ಕೆಟ್ಟವರೋ ಎಂದು ಕೇಳುವವರು ಈ ಅಂಶವನ್ನು ಮರೆಯುತ್ತಾರೆ.

ಹಾಕಿಂಗರ ಉಪಮಾನಕ್ಕೆ ಇನ್ನೊಂದು ಮಿತಿಯುಂಟು. ಗಾಮನಿಗೆ ಮೆಣಸು ಬೇಕಾಗಿತ್ತು. ನಮ್ಮಂತೆಯೇ ಅವನಿಗೂ ಹಸಿವಿತ್ತು. ಸೆಕೆಂಡಿಗೆ 17 ಕಿಲೋಮೀಟರು ಹೋಗುವ ನಮ್ಮ ವಾಯೇಜರ್ ನೌಕೆಯ ವೇಗದಲ್ಲಿ ಅತಿ ಸಮೀಪದ ನಕ್ಷತ್ರದಷ್ಟು ದೂರವನ್ನು ಕ್ರಮಿಸಲು 70,000 ವರ್ಷಗಳಿಗೂ ಹೆಚ್ಚು ಬೇಕು. ಅಷ್ಟು ದೂರ ಬರಬಲ್ಲವರು ಕಬ್ಬಿಣಕ್ಕೋ ನೀರಿಗೋ ಇಲ್ಲಿಗೆ ಬರಬೇಕಾಗಿಲ್ಲ. ಅವು ದಾರಿಯುದ್ದಕ್ಕೂ ದೊರೆಯುತ್ತವೆ. ನನಗೆ ಭಯವಿರುವುದು ಅವರ ದ್ವೇಷದಲ್ಲಲ್ಲ, ಅಲಕ್ಷ್ಯದಲ್ಲಿ. ರಸ್ತೆ ಮಾಡುವವನಿಗೆ ಹುತ್ತದ ಮೇಲೆ ಹಗೆತನವಿರುವುದಿಲ್ಲ. ನಮ್ಮ ತುಳುನಾಡಿನಲ್ಲಿ ನಾಗಬನ ಅಡ್ಡ ಬಂದರೆ ರಸ್ತೆಯೇ ಬಳಸಿ ಹೋಗುವುದುಂಟು. ಆಗಂತುಕರಲ್ಲಿಯೂ ಅಂಥ ಶ್ರದ್ಧೆ ಇದ್ದೀತೆಂದು ನಂಬಿ ಕೂರಲಾದೀತೇ?

ಸಿದ್ಧಕಟ್ಟೆಯ ಮೂಡಣ ದಿಕ್ಕಿನ ಬೆಳ್ತಂಗಡಿ ಸೀಮೆಯಲ್ಲಿ ಬೇರೊಂದು ಬಗೆಯ ಕಥೆಯಿದೆ. ಧರ್ಮಸ್ಥಳವು ಕುಡುಮವೆಂದು ಹೆಸರಾಗಿದ್ದ ಕಾಲದಲ್ಲಿ, ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ದಂಪತಿಗಳ ಮನೆಗೆ ಗುರುತಿಲ್ಲದ ಅತಿಥಿಗಳು ಬಂದರು. ದಂಪತಿಗಳು ಕುಲಗೋತ್ರಗಳನ್ನು ಕೇಳದೆ ಸತ್ಕರಿಸಿದರು. ಆ ರಾತ್ರಿ ಕನಸಿನಲ್ಲಿ ಅತಿಥಿಗಳು ತಾವು ಧರ್ಮದೈವಗಳೆಂದು ತಿಳಿಸಿ, ತಮಗಾಗಿ ಮನೆಯನ್ನು ಬಿಟ್ಟುಕೊಡಬೇಕೆಂದು ಆಜ್ಞಾಪಿಸಿದರು. ಪೆರ್ಗಡೆಯವರು ಬಿಟ್ಟುಕೊಟ್ಟರು. ಇದು ಭಕ್ತರ ನಂಬಿಗೆಯ ಕಥೆ; ಇತಿಹಾಸದ ಅಳತೆಗೋಲಿನಿಂದ ಅಳೆಯತಕ್ಕದ್ದಲ್ಲ. ಆದರೂ ಇದರಲ್ಲೊಂದು ಸೂಕ್ಷ್ಮವಿದೆ. ಬಂದವರು ಒಳ್ಳೆಯವರೇ ಆಗಿದ್ದರೂ ಕೇಳಿದ್ದು ಮನೆಯನ್ನು. ಕೊಡುವ ನಿರ್ಣಯ ಮನೆಯ ಯಜಮಾನನದಾಗಿತ್ತು.

ಭೂಮಿಯ ಯಜಮಾನನು ಯಾರು? ಇದೇ ಇಂದಿನ ನಿಜವಾದ ತೊಡಕು. 1989ರಲ್ಲಿ ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿಯು ಕೆಲವು ನಿಯಮಗಳನ್ನು ಒಪ್ಪಿಕೊಂಡಿತು. ಅನ್ಯರ ಸಂಕೇತವೆಂದು ತೋರಿದುದನ್ನು ಮೊದಲು ಇತರರಿಂದ ಪರೀಕ್ಷೆ ಮಾಡಿಸಬೇಕು. ನಿಜವಾದರೆ ಮುಚ್ಚಿಡದೆ ಜಗತ್ತಿಗೆ ತಿಳಿಸಬೇಕು. ರಾಷ್ಟ್ರಗಳೊಳಗೆ ಸಮಾಲೋಚನೆ ನಡೆಯದೆ ಯಾರೂ ಉತ್ತರ ಕೊಡಬಾರದು. ಇದು ಜಗಲಿಯ ಶಿಷ್ಟಾಚಾರವೇ. ಆದರೆ ಇವು ಕಟ್ಟುಪಾಡುಗಳೇ ಹೊರತು ಕಾನೂನಲ್ಲ; ಮುರಿದವನನ್ನು ದಂಡಿಸುವ ನ್ಯಾಯಾಸ್ಥಾನವಿಲ್ಲ. ಅದಕ್ಕಿಂತ ಮೊದಲೇ, 1974ರ ನವೆಂಬರ್ 16ರಂದು, ಪೋರ್ಟೊ ರಿಕೋದ ಅರೆಸಿಬೋ ದೂರದರ್ಶಕದಿಂದ 20,000ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛವೊಂದಕ್ಕೆ ಮಾನವಕುಲದ ಪರವಾಗಿ ಸಂದೇಶ ಹೋಗಿತ್ತು. ಮಾನವಕುಲವನ್ನು ಯಾರೂ ಕೇಳಿರಲಿಲ್ಲ.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಪುಟ್ಟ ಆಕಾಶವಾಣಿಯೂ ನಮ್ಮ ಸುಳಿವನ್ನು ಹೊರಗೆ ಕೊಟ್ಟಿತೇ ಎಂದು ಕೆಲವರು ಕೇಳುವುದುಂಟು. ಅಂಜಿಕೆಗೆ ಕಾರಣವಿಲ್ಲ. ಆ ಕಾಲದ ಮಧ್ಯಮ ಅಲೆಗಳನ್ನು ಮೇಲಿನ ವಾಯುಮಂಡಲದ ವಿದ್ಯುತ್ ಪದರವು ಹಗಲು ಬಹುಮಟ್ಟಿಗೆ ಹೀರಿ, ಇರುಳು ಕೆಳಕ್ಕೆ ಹಿಂದಿರುಗಿಸುತ್ತದೆ. ಹೊರಕ್ಕೆ ಹೋದವು ಬಹುಪಾಲು ತರುವಾಯದ ಟೆಲಿವಿಷನ್ ಮತ್ತು ರಾಡಾರ್ ಅಲೆಗಳು.

ಕನ್ನಡವು ಹೊರಗೆ ಹೋದುದು ಬೇರೆ ದಾರಿಯಿಂದ. 1977ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವುಳ್ಳ ತಾಮ್ರದ ತಟ್ಟೆಗಳಿವೆ. ಅವುಗಳಲ್ಲಿ 55 ಭಾಷೆಗಳ ವಂದನೆಗಳು ಅಡಗಿವೆ. ಕನ್ನಡಿಗರ ಪರವಾಗಿ ಶುಭವನ್ನು ಕೋರುವ ಒಂದು ಸಣ್ಣ ವಾಕ್ಯವೂ ಅವುಗಳಲ್ಲೊಂದು. ಮೊದಲನೆಯ ನೌಕೆ 2012ರಲ್ಲಿ ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿತು. ಸುಮಾರು 40,000 ವರ್ಷಗಳ ತರುವಾಯ ಅದು ಗ್ಲೀಸ್ 445 ಎಂಬ ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರದಲ್ಲಿ ಹಾದುಹೋಗಲಿದೆ. ಅಷ್ಟರಲ್ಲಿ ಅದರ ಯಂತ್ರಗಳು ಎಂದೋ ನಿಂತಿರುವುವು. ಅಲ್ಲಿ ಯಾರಾದರೂ ಇದ್ದು, ತಲೆಯೆತ್ತಿ ನೋಡಿದ ಪಕ್ಷದಲ್ಲಿ, ಬಾಲವಿಲ್ಲದೆ, ಸದ್ದಿಲ್ಲದೆ ಸಾಗುವ ಒಂದು ಚಿಕ್ಕ ತುಂಡಿನಂತೆ ಅದು ಅವರಿಗೆ ಕಾಣುವುದು.