ಮೇಷ್ಟ್ರೂ ಕೆಲಸಗಾರರೆಂದು ಒಪ್ಪಿದ ಮೇಲೆ

1929ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟಿನ ಮುಂದೆ ಒಂದು ಪ್ರಶ್ನೆ ಬಂತು. ಹೆಸರು ಹೈಕೋರ್ಟ್ ಆದರೂ ಆ ದೇಶದ ಅತ್ಯುನ್ನತ ನ್ಯಾಯಾಲಯ ಅದೇ. ಸರ್ಕಾರಿ ಶಾಲೆಯ ಮೇಷ್ಟ್ರುಗಳ ಸಂಬಳದ ತಕರಾರು ಕೈಗಾರಿಕಾ ವಿವಾದ ಆಗುತ್ತದೆಯೇ? ಆಗುವುದಿಲ್ಲ, ಪಾಠ ಹೇಳುವುದು ಕೈಗಾರಿಕೆಯಲ್ಲ ಎಂದು ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಐಸಾಕ್ಸ್ ಇದನ್ನು ಒಪ್ಪದೆ ಭಿನ್ನಮತ ಬರೆದರು.

ಮೇಲ್ನೋಟಕ್ಕೆ ಪಂಡಿತರ ವಾದದಂತೆ ಕಂಡರೂ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಕೈಗಾರಿಕಾ ವಿವಾದಗಳ ಕುರಿತ 1904ರ ಕಾಯ್ದೆಯ ನಂತರ ಆಸ್ಟ್ರೇಲಿಯಾದಲ್ಲಿ ಕೂಲಿ, ಸಂಬಳಗಳನ್ನು ಸಾಕಷ್ಟು ಮಟ್ಟಿಗೆ ನ್ಯಾಯಮಂಡಳಿಗಳೇ ನಿಗದಿ ಮಾಡುತ್ತಿದ್ದವು. 1907ರ ಹಾರ್ವೆಸ್ಟರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿಗ್ಗಿನ್ಸ್, ಕೂಲಿಕಾರನೊಬ್ಬ ಹೆಂಡತಿ ಮಕ್ಕಳೊಂದಿಗೆ ಮಾನವಾಗಿ ಬದುಕಲು ದಿನಕ್ಕೆ 7 ಶಿಲ್ಲಿಂಗ್ ಬೇಕು ಎಂದು ತೀರ್ಮಾನಿಸಿದ್ದರು. ಕಾರ್ಖಾನೆಯವನಿಗೆ ತೆರೆದ ಆ ಬಾಗಿಲು, ಕರಿಹಲಗೆಯ ಮುಂದೆ ನಿಂತವನಿಗೆ 1929ರಲ್ಲಿ ಮುಚ್ಚಿತು.

ಐಸಾಕ್ಸರ ಭಿನ್ನಮತ ಮುಂದೆ ಬೇರು ಬಿಟ್ಟಿದ್ದು ನಮ್ಮ ನೆಲದ ಮೊಕದ್ದಮೆಯೊಂದರಲ್ಲಿ. 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ‘ಕೈಗಾರಿಕೆ’ಯ ವ್ಯಾಪ್ತಿಯನ್ನು ಹಿಗ್ಗಿಸಿತು, ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ಅದರೊಳಗೆ ಬಂದವು. ಪ್ರಧಾನ ತೀರ್ಪು ಬರೆದ ಕೃಷ್ಣ ಅಯ್ಯರ್, ತಮ್ಮ ವಾದಕ್ಕೆ ಐಸಾಕ್ಸರ ಮಾತುಗಳನ್ನು ಆಧಾರವಾಗಿ ತೆಗೆದುಕೊಂಡರು. ಐದು ವರ್ಷದ ನಂತರ, 1983ರಲ್ಲಿ, ಆಸ್ಟ್ರೇಲಿಯಾದ ಹೈಕೋರ್ಟ್ ಕೂಡ ಕೈಗಾರಿಕಾ ವಿವಾದಕ್ಕೆ ತಾನು ಕಟ್ಟಿದ್ದ ಇಕ್ಕಟ್ಟಾದ ಬೇಲಿಯನ್ನು ತೆಗೆದುಹಾಕಿತು. ಆ ಪ್ರಕರಣ ಸಮಾಜ ಕಲ್ಯಾಣ ಕಾರ್ಯಕರ್ತರದ್ದು. ಅವರ ಹಿಂದೆಯೇ ವಿಶ್ವವಿದ್ಯಾಲಯದವರೂ ಒಳಗೆ ಬಂದರು.

ಒಳಗೆ ಬರುವ ಹೊತ್ತಿಗೆ ಮನೆಯ ಸ್ವರೂಪವೇ ಬದಲಾಗತೊಡಗಿತ್ತು. ದೇಶಕ್ಕೆಲ್ಲ ಒಂದೇ ಆದೇಶ ಎಂಬ ಪದ್ಧತಿ ಹಿಂದೆ ಸರಿದು, ಆಯಾ ಸಂಸ್ಥೆಯಲ್ಲೇ ಆಡಳಿತ ಮತ್ತು ನೌಕರರು ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳುವ ಪದ್ಧತಿ 1991ರಿಂದ ಶುರುವಾಯಿತು. 1993ರಲ್ಲಿ ಬೇರೆ ಬೇರೆ ಸಂಘಗಳು ಕೂಡಿ ರಾಷ್ಟ್ರೀಯ ಉನ್ನತ ಶಿಕ್ಷಣ ನೌಕರರ ಸಂಘ, ಅಂದರೆ ಎನ್‌ಟಿಇಯು, ಹುಟ್ಟಿತು. ಪ್ರಾಧ್ಯಾಪಕರು, ಗ್ರಂಥಪಾಲಕರು, ಲ್ಯಾಬ್ ತಂತ್ರಜ್ಞರು, ಕಚೇರಿಯ ಗುಮಾಸ್ತರು ಎಲ್ಲರಿಗೂ ಒಂದೇ ಸಂಘ. ಬೋಧಕರು ಒಂದು ಪಂಕ್ತಿ, ಬೋಧಕೇತರರು ಇನ್ನೊಂದು ಪಂಕ್ತಿ ಎಂಬ ನಮ್ಮಲ್ಲಿನ ರೂಢಿಯನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಒಪ್ಪಂದದ ಅವಧಿ ಹೆಚ್ಚೆಂದರೆ ನಾಲ್ಕು ವರ್ಷ. ಅವಧಿ ಮುಗಿದರೂ ಹೊಸದು ಬರುವ ತನಕ ಹಳೆಯದೇ ನಡೆಯುತ್ತದೆ. ಅವಧಿ ಮುಗಿಯುವ ಮುಂಚೆಯೇ ಸಂಘದ ಸಭೆಗಳಲ್ಲಿ ಬೇಡಿಕೆಗಳ ಪಟ್ಟಿ ತಯಾರಾಗುತ್ತದೆ. ಮಾತುಕತೆ ಆರಂಭವಾದಾಗ, ನಿಮ್ಮ ಪರವಾಗಿ ಮಾತಾಡಲು ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು ಎಂದು ಆಡಳಿತವು ಪ್ರತಿಯೊಬ್ಬ ನೌಕರನಿಗೂ ನೋಟಿಸ್ ಕೊಡಬೇಕು. ಕೊನೆಯ ನೋಟಿಸ್ ಕೊಟ್ಟು 21 ದಿನ ಕಳೆಯದೆ ಒಪ್ಪಂದವನ್ನು ಮತಕ್ಕೆ ಹಾಕುವಂತಿಲ್ಲ.

ಮೇಜಿನ ಸುತ್ತ ಕೂತ ಮೇಲೆ 2009ರ ಫೇರ್ ವರ್ಕ್ ಕಾಯ್ದೆಯ ಸದುದ್ದೇಶದ ನಿಯಮಗಳು ಅನ್ವಯಿಸುತ್ತವೆ. ಸಭೆಗೆ ಬರಬೇಕು, ಬೇಕಾದ ಮಾಹಿತಿ ಕೊಡಬೇಕು, ಬೇಡಿಕೆಯನ್ನು ತಳ್ಳಿಹಾಕಿದರೆ ಕಾರಣ ಹೇಳಬೇಕು. ಆದರೆ ಒಪ್ಪಲೇಬೇಕು ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಮಾತುಕತೆಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ ಎಳೆಯುತ್ತವೆ.

ಮುಷ್ಕರ ಹೂಡುವುದಕ್ಕೂ ಕಟ್ಟುನಿಟ್ಟಿನ ದಾರಿಯಿದೆ. ಸದಸ್ಯರ ಗುಪ್ತ ಮತದಾನಕ್ಕೆ ದೇಶದ ಕಾರ್ಮಿಕ ನ್ಯಾಯಮಂಡಳಿಯಾದ ಫೇರ್ ವರ್ಕ್ ಆಯೋಗದ ಆದೇಶ ಬೇಕು. ಅರ್ಧದಷ್ಟಾದರೂ ಸದಸ್ಯರು ಮತ ಹಾಕಿ, ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೂಂ ಅನ್ನಬೇಕು. ಆಡಳಿತಕ್ಕೆ ಮುಂಚಿತವಾಗಿ ಲಿಖಿತ ನೋಟಿಸ್ ಹೋಗಬೇಕು. ಮುಷ್ಕರದ ಹೊತ್ತಿನ ಸಂಬಳ ಬರುವುದಿಲ್ಲ. ಇಷ್ಟೆಲ್ಲ ಇದ್ದೂ 2023ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೆಲವು ವಿಭಾಗಗಳಲ್ಲಿ ಒಂದು ವಾರದ ಮುಷ್ಕರ ನಡೆಯಿತು.

ಈ ಮೂವತ್ತು ವರ್ಷಗಳ ಹಾದಿ ನೇರವಾಗಿಲ್ಲ. 2005ರಲ್ಲಿ ಪ್ರಧಾನಿ ಹೊವಾರ್ಡ್ ಅವರ ಸರ್ಕಾರ, ನೌಕರರ ಮುಂದೆ ವೈಯಕ್ತಿಕ ಕರಾರನ್ನು ಇಡದ ವಿಶ್ವವಿದ್ಯಾಲಯಕ್ಕೆ ಹೆಚ್ಚುವರಿ ಅನುದಾನ ಇಲ್ಲ ಎಂದಿತು. ಸರ್ಕಾರ ಬದಲಾದ ಮೇಲೆ ಆ ಷರತ್ತು ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2017ರಲ್ಲಿ. ಮಾತುಕತೆ ಬಗೆಹರಿಯದಿದ್ದಾಗ ಪರ್ತ್‌ನ ಮರ್ಡೋಕ್ ವಿಶ್ವವಿದ್ಯಾಲಯ ಅವಧಿ ಮೀರಿದ ಹಳೆಯ ಒಪ್ಪಂದವನ್ನೇ ರದ್ದು ಮಾಡಿ ಎಂದು ಆಯೋಗಕ್ಕೆ ಅರ್ಜಿ ಹಾಕಿತು. ಆಯೋಗ ರದ್ದು ಮಾಡಿತು. ಒಪ್ಪಂದ ಹೋದರೆ ಉಳಿಯುವುದು ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ನಿಯಮಗಳು ಮಾತ್ರ, ಅವುಗಳಲ್ಲಿನ ಸಂಬಳ ಬಹಳ ಕೆಳಗೆ. ಕಾಲ ಕೆಳಗಿನ ನೆಲವನ್ನೇ ಎಳೆಯುವ ಅಧಿಕಾರ ಒಂದು ಪಕ್ಷದ ಕೈಯಲ್ಲಿದ್ದರೆ ಅದನ್ನು ಮಾತುಕತೆ ಎಂದು ಕರೆಯುವುದು ಹೇಗೆ? 2022ರ ತಿದ್ದುಪಡಿ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಕಗ್ಗಂಟಾದ ಮಾತುಕತೆಯನ್ನು ನಿಗದಿತ ಅವಧಿಯ ನಂತರ ಆಯೋಗವೇ ತೀರ್ಮಾನಿಸುವ ಅವಕಾಶವನ್ನೂ ತಂದಿತು.

ಒಪ್ಪಂದ ಎಂದರೆ ಸಂಬಳದ ಪಟ್ಟಿ ಮಾತ್ರ ಎಂದುಕೊಂಡವರು ಪೀಟರ್ ರಿಡ್ ಪ್ರಕರಣವನ್ನು ನೋಡಬೇಕು. ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಈ ಭೌತವಿಜ್ಞಾನಿ, ಹವಳದ ದಿಬ್ಬಗಳ ಬಗ್ಗೆ ಸಹೋದ್ಯೋಗಿಗಳ ಸಂಶೋಧನೆಯನ್ನು ಬಹಿರಂಗವಾಗಿ ಪ್ರಶ್ನಿಸಿದ್ದರು. 2018ರಲ್ಲಿ ಕೆಲಸ ಕಳೆದುಕೊಂಡರು. 2021ರಲ್ಲಿ ಹೈಕೋರ್ಟ್ ತೂಗಿ ನೋಡಿದ್ದು ನೌಕರರ ಒಪ್ಪಂದದ 14ನೇ ಕಲಮನ್ನು. ತನ್ನ ವಿದ್ಯೆಗೆ ಸಂಬಂಧಿಸಿದ ವಿಷಯದಲ್ಲಿ ವಿದ್ವಾಂಸ ಆಡುವ ಮಾತಿಗೆ ಆ ಕಲಮು ರಕ್ಷಣೆ ಕೊಡುತ್ತದೆ, ಸೌಜನ್ಯ ಬೇಕೆನ್ನುವ ನಡತೆ ಸಂಹಿತೆ ಅದನ್ನು ಕಸಿಯಲಾರದು ಎಂದು ನ್ಯಾಯಾಲಯ ಹೇಳಿತು. ಶಿಸ್ತುಕ್ರಮದ ಗೋಪ್ಯತೆ ಮುರಿದದ್ದು ಸೇರಿ ಬೇರೆ ಕಾರಣಗಳಿಗಾಗಿ ರಿಡ್ ಸೋತರು. ಆದರೂ ಚಿಂತನೆಯ ಸ್ವಾತಂತ್ರ್ಯದ ಕಾವಲು, ರಜೆ ಮತ್ತು ಭತ್ಯೆಗಳ ಕಲಮುಗಳ ನಡುವೆ ಬರೆದ ನಾಲ್ಕು ಸಾಲಿನಲ್ಲಿದೆ ಎಂಬುದನ್ನು ಅವರ ಮೊಕದ್ದಮೆ ಎತ್ತಿ ತೋರಿಸಿತು.

ಒಪ್ಪಂದದ ಫಲ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಖಾಯಂ ನೌಕರರ ನಿವೃತ್ತಿ ನಿಧಿಗೆ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಸಂಬಳದ ಶೇ 17ರಷ್ಟು ಕಟ್ಟುತ್ತವೆ. ದೇಶದ ಸಾಮಾನ್ಯ ದರ ಈಗ ಶೇ 12. ತಾಸಿನ ಲೆಕ್ಕದಲ್ಲಿ ಪಾಠ ಮಾಡುವವರಿಗೆ ಹೆಚ್ಚಾಗಿ ಸಿಗುತ್ತ ಬಂದಿರುವುದು ಆ ಸಾಮಾನ್ಯ ದರವೇ. ಒಂದು ತಾಸಿನ ಟ್ಯುಟೋರಿಯಲ್‌ಗೆ ತಯಾರಿಯೂ ಸೇರಿ ಮೂರು ತಾಸಿನ ಸಂಬಳ ಎಂಬ ನಿಯಮವಿದೆ. ಉತ್ತರಪತ್ರಿಕೆ ತಿದ್ದುವ ಕೆಲಸವನ್ನು ಮಾತ್ರ ತಾಸು ಬಿಟ್ಟು ಇಷ್ಟು ಪದಕ್ಕೆ ಇಷ್ಟು ಎಂದು ಲೆಕ್ಕ ಹಾಕಿ, ಕಡಿಮೆ ಕೊಟ್ಟು, ಕೊನೆಗೆ ಬಾಕಿ ತೀರಿಸಬೇಕಾದ ವಿಶ್ವವಿದ್ಯಾಲಯಗಳಿವೆ. ಕರ್ನಾಟಕದಿಂದ ಪಿಎಚ್‌ಡಿಗೆ ಹೋಗಿ ಅಲ್ಲಿ ಪಾಠ ಹೇಳುವ ನಮ್ಮ ಮಕ್ಕಳೂ ಇದೇ ಸಾಲಿನವರು. ಒಪ್ಪಂದವನ್ನು ಮತಕ್ಕೆ ಹಾಕುವ ದಿನಗಳಲ್ಲಿ ಕೆಲಸದಲ್ಲಿದ್ದರೆ, ಸಂಘದ ಸದಸ್ಯರಾಗಿರಲಿ ಬಿಡಲಿ, ಅವರಿಗೂ ಒಂದು ಮತ ಇದೆ.

ಭಾರತದಲ್ಲಿ ಕಾನೂನು ಅರ್ಧ ದಾರಿಗೇ ನಿಂತಿತು. ವಿಶ್ವವಿದ್ಯಾಲಯ ಕೈಗಾರಿಕೆ ಎಂದ ಹತ್ತು ವರ್ಷಕ್ಕೆ, 1988ರ ಸುಂದರಾಂಬಾಳ್ ಪ್ರಕರಣದಲ್ಲಿ, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಖಾಯಂ ಪ್ರಾಧ್ಯಾಪಕರಿಗೆ ಯುಜಿಸಿ ವೇತನ ಶ್ರೇಣಿಯ ಆಸರೆ ಉಂಟು, ಅತಿಥಿ ಉಪನ್ಯಾಸಕರಿಗೆ ಅದೂ ಇಲ್ಲ. 2023ರ ಕೊನೆಯಲ್ಲಿ ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕೂತಾಗ ಸರ್ಕಾರ ಗೌರವಧನ ಹೆಚ್ಚಿಸಿತು. ಎರಡೂ ಕಡೆಯವರು ಸಹಿ ಹಾಕಿದ, ಕಾನೂನು ಕಾಯುವ ಒಪ್ಪಂದವಾಗಿ ಅಲ್ಲ, ಸರ್ಕಾರದ ಆದೇಶವಾಗಿ.